ಅಂಕಿತವಿಲ್ಲದ ಸೋಜಿಗಗಳು



ಸೋಜಿಗವಾದುದನ್ನು ಕಂಡಾಗ ಅದನ್ನು ಇನ್ನೊಬ್ಬರಿಗೆ ತೋರಿಸಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಹೊಲದಲ್ಲಿ ಜೋಡಿ ಬದನೆಕಾಯಿ ಸಿಕ್ಕರೆ ರೈತನು ಅದನ್ನು ಅಡುಗೆಮನೆಗೆ ಒಯ್ಯುವ ಮೊದಲು ನೆರೆಹೊರೆಯವರಿಗೆ ತೋರಿಸುತ್ತಾನೆ. ಜಾತ್ರೆಯಲ್ಲಿ ಕಂಡ ವಿಚಿತ್ರವನ್ನು ಊರ ಕಟ್ಟೆಯ ಮೇಲೆ ಕುಳಿತು ಬಣ್ಣಿಸಿದ ಮೇಲೆಯೇ ಜಾತ್ರೆಗೆ ಹೋದವನ ಯಾತ್ರೆ ಮುಗಿದಂತಾಗುವುದು. ಕಂಡವನೊಬ್ಬನೇ ನಕ್ಕರೆ ಅದು ಅರ್ಧ ನಗು. ನಾಲ್ವರು ಕೂಡಿ ನಕ್ಕಾಗ ಅದು ಪೂರ್ಣವಾಗುತ್ತದೆ.

ಇಂದು ಆ ಕಟ್ಟೆಯು ಅಂಗೈಯೊಳಕ್ಕೆ ಬಂದಿದೆ. ಬೆಳಗಿನ ಲಿಂಗಪೂಜೆ ಮುಗಿಯುವಷ್ಟರಲ್ಲಿ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಹತ್ತಾರು ಸಂದೇಶಗಳು ಬಂದು ಕುಳಿತಿರುತ್ತವೆ. ಹಾರ್ಮೋನಿಯಂ ಮನೆಗಳ ಮೇಲೆ ನಡೆದಾಡುವ ಬೆಕ್ಕು, ಹಿಮಾಲಯದಲ್ಲಿ ನೂರು ವರ್ಷಕ್ಕೊಮ್ಮೆ ಅರಳುವುದೆಂದು ಹೇಳಲಾದ ಹೂವು, ಒಂದೇ ಎಲೆಯಿಂದ ಸಕ್ಕರೆ ಕಾಯಿಲೆ ಮಾಯವಾಗುವ ಮದ್ದು, ಒಂದು ಸುವಿಚಾರ, ಎರಡು ನಗೆಹನಿ, ಮೂರು ನಮಸ್ಕಾರ. ಹುಬ್ಬಳ್ಳಿಯ ಅಜ್ಜಿ, ಪುಣೆಯಲ್ಲಿರುವ ಮಗಳು, ಅಮೆರಿಕದಲ್ಲಿರುವ ಮೊಮ್ಮಗ ಎಲ್ಲರೂ ಒಂದೇ ದೃಶ್ಯವನ್ನು ನೋಡಿ ಒಂದೇ ದಿನ ನಗುತ್ತಾರೆ. ಇದನ್ನೆಲ್ಲ ಕಾಲಹರಣವೆಂದು ತಳ್ಳಿಹಾಕುವ ಹಿರಿಯರಿದ್ದಾರೆ. ನಾವು ಆ ಪಂಕ್ತಿಗೆ ಸೇರಿದವರಲ್ಲ. ದೂರ ದೂರ ಚದುರಿದ ಒಂದು ಮನೆತನವನ್ನು ಒಂದು ಬೆಕ್ಕಿನ ಆಟವು ಕ್ಷಣಕಾಲ ಒಂದೆಡೆ ಕೂಡಿಸುವುದಾದರೆ ಆ ಬೆಕ್ಕಿಗೆ ನಾವು ಕೃತಜ್ಞರಾಗಿರಬೇಕು.

ಚೋದ್ಯದ ಸಂಗ್ರಹವು ನಮ್ಮ ನಾಡಿಗೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನೀತಿಯೂ ಉಂಟು, ಅಡುಗೆಯೂ ಉಂಟು, ಆನೆಯ ಲಕ್ಷಣವೂ ಉಂಟು, ಆಟಪಾಟಗಳೂ ಉಂಟು. ನಿಜಗುಣ ಶಿವಯೋಗಿಗಳ 'ವಿವೇಕಚಿಂತಾಮಣಿ'ಯು ನಾನಾ ಶಾಸ್ತ್ರಗಳ ವಿಷಯಗಳನ್ನು ಕನ್ನಡ ಗದ್ಯದಲ್ಲಿ ಒಂದೆಡೆ ಕಲೆಹಾಕಿದ ಕೋಶ. ಕೆಳದಿಯ ಬಸಪ್ಪನಾಯಕನು 18ನೆಯ ಶತಮಾನದ ಆರಂಭದಲ್ಲಿ 'ಶಿವತತ್ತ್ವರತ್ನಾಕರ'ವೆಂಬ ಬೃಹತ್ ಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ನಮ್ಮ ಕಾಲಕ್ಕೆ ಬಂದರೆ, 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ 'ಕಸ್ತೂರಿ' ಮಾಸಪತ್ರಿಕೆಯು ಲೋಕದ ಕೌತುಕಗಳನ್ನು ಕನ್ನಡದ ಮನೆಮನೆಗೆ ತಂದಿತು. ಆದುದರಿಂದ ಕಂಡದ್ದನ್ನು ಕೂಡಿಡುವುದು, ಕೂಡಿಟ್ಟದ್ದನ್ನು ಹಂಚುವುದು ಸತ್ಸಂಪ್ರದಾಯವೇ ಆಗಿದೆ. ಹಂಚುವ ಬಗೆಯ ಕುರಿತು ಮಾತ್ರ ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬೇಕೆನಿಸಿದೆ.

ಅಂತರ್ಜಾಲದ ಮೊದಮೊದಲ ಸೋಜಿಗಗಳಲ್ಲಿ ಒಂದು ಕಾಫಿಯ ಪಾತ್ರೆಯೆಂದರೆ ವಾಚಕರು ನಂಬಲಿಕ್ಕಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಫಿ ಯಂತ್ರವಿತ್ತು. ಬೇರೆ ಬೇರೆ ಅಂತಸ್ತುಗಳಲ್ಲಿ ಕುಳಿತ ಸಂಶೋಧಕರು ಮೆಟ್ಟಿಲು ಹತ್ತಿ ಇಳಿದು ಬಂದು ನೋಡಿದರೆ ಪಾತ್ರೆ ಬರಿದಾಗಿರುತ್ತಿತ್ತು. ಆ ವ್ಯರ್ಥ ಶ್ರಮವನ್ನು ತಪ್ಪಿಸಲು 1991ರಲ್ಲಿ ಅವರು ಪಾತ್ರೆಯ ಎದುರಿಗೆ ಒಂದು ಕ್ಯಾಮೆರಾ ನಿಲ್ಲಿಸಿ, ಅದರ ಚಿತ್ರವು ತಮ್ಮ ತಮ್ಮ ಗಣಕಯಂತ್ರಗಳಲ್ಲಿ ಕಾಣುವಂತೆ ಮಾಡಿಕೊಂಡರು. 1993ರ ನವೆಂಬರದಲ್ಲಿ ಆ ಚಿತ್ರವನ್ನು ಅಂತರ್ಜಾಲಕ್ಕೆ ಜೋಡಿಸಲಾಯಿತು. ಅಂದಿನಿಂದ ಲೋಕದ ಮೂಲೆಮೂಲೆಗಳಿಂದ ಅಸಂಖ್ಯ ಜನರು, ತಾವೆಂದೂ ಕುಡಿಯಲಾರದ ಕಾಫಿಯು ಪಾತ್ರೆಯಲ್ಲಿ ಎಷ್ಟಿದೆಯೆಂದು ಇಣುಕಿ ನೋಡಿದರು. 2001ರ ಆಗಸ್ಟ್ 22ರಂದು ಕ್ಯಾಮೆರಾವನ್ನು ನಿಲ್ಲಿಸಿದಾಗ, ಕೆಟ್ಟುಹೋಗಿದ್ದ ಆ ಯಂತ್ರವನ್ನು ಹರಾಜಿಗಿಟ್ಟರು. ಜರ್ಮನಿಯ 'ಡೆರ್ ಸ್ಪೀಗೆಲ್' ಪತ್ರಿಕೆಯವರು ಅದನ್ನು 3,350 ಪೌಂಡು ಕೊಟ್ಟು ಕೊಂಡರು. ಯಾರಿಗೂ ನೋವಾಗದ, ಎಲ್ಲರಿಗೂ ನಗು ತಂದ ಕೌತುಕವಿದು. ಅದು ಎಲ್ಲಿಯ ಪಾತ್ರೆ, ಯಾರು ನಿಲ್ಲಿಸಿದ ಕ್ಯಾಮೆರಾ ಎಂಬುದು ನೋಡುವವರಿಗೆ ತಿಳಿದಿತ್ತು.

ಆ ತಿಳಿವು ಬಿಟ್ಟುಹೋದಾಗ ಏನಾಗುವುದೆಂಬುದಕ್ಕೆ ಇನ್ನೊಂದು ಪ್ರಸಂಗವನ್ನು ನೋಡೋಣ. ಇದು ನಮ್ಮ ಮನೆಗಳ ಆಚಾರಕ್ಕೆ ಅಷ್ಟಾಗಿ ಒಗ್ಗದ ಕಥೆ. ಊಟಕ್ಕೆ ಕುಳಿತವರು ಊಟ ಮುಗಿಸಿ ಓದಿದರೆ ಲೇಸು. ಅಮೆರಿಕದ ಓರೆಗಾನ್ ರಾಜ್ಯದ ಫ್ಲಾರೆನ್ಸ್ ಎಂಬ ಕಡಲತಡಿಯ ಊರಿನಲ್ಲಿ 1970ರ ನವೆಂಬರದಲ್ಲಿ ಸತ್ತ ತಿಮಿಂಗಿಲವೊಂದು ದಂಡೆಗೆ ಬಂದು ಬಿದ್ದಿತು. ಉದ್ದ 45 ಅಡಿ, ತೂಕ ಸುಮಾರು 8 ಟನ್. ದುರ್ನಾತ ತಡೆಯಲಾಗದೆ ಊರವರು ಮೊರೆಯಿಟ್ಟರು. ಅದನ್ನು ತೆಗೆಸುವ ಹೊಣೆ ರಾಜ್ಯದ ಹೆದ್ದಾರಿ ವಿಭಾಗದ ಪಾಲಿಗೆ ಬಂದಿತು. ಬಂಡೆಯನ್ನು ಒಡೆಯುವುದು ಅವರಿಗೆ ಗೊತ್ತಿದ್ದ ವಿದ್ಯೆ. ಅದೇ ವಿದ್ಯೆಯನ್ನು ತಿಮಿಂಗಿಲದ ಮೇಲೂ ಪ್ರಯೋಗಿಸಿದರು. ಅರ್ಧ ಟನ್ ಡೈನಮೈಟ್ ಇಟ್ಟು ಸಿಡಿಸಿದರೆ ಕಳೇಬರವು ಚೂರುಚೂರಾಗುವುದು, ಆ ಚೂರುಗಳನ್ನು ಕಡಲಹಕ್ಕಿಗಳು ತಿಂದು ಮುಗಿಸುವವು ಎಂಬುದು ಅವರ ಲೆಕ್ಕ. ನವೆಂಬರ್ 12ರಂದು ಸಿಡಿಸಿದರು. ನೋಡಲು ನೆರೆದಿದ್ದವರ ಮೇಲೆ ಕೊಬ್ಬಿನ ಮಳೆಯೇ ಸುರಿಯಿತು. ಕಾಲು ಮೈಲಿ ದೂರದಲ್ಲಿ ನಿಲ್ಲಿಸಿದ್ದ ಕಾರಿನ ಮೇಲೆ ದೊಡ್ಡ ತುಂಡೊಂದು ಬಿದ್ದು ಅದರ ಮಾಡು ನಜ್ಜುಗುಜ್ಜಾಯಿತು. ಸದ್ದಿಗೆ ಹೆದರಿದ ಹಕ್ಕಿಗಳು ಅತ್ತ ಸುಳಿಯಲೇ ಇಲ್ಲ. ತಿಮಿಂಗಿಲದ ಬಹುಭಾಗವು ಇದ್ದಲ್ಲಿಯೇ ಇದ್ದಿತು. ಯಾರಿಗೂ ಗಾಯವಾಗಲಿಲ್ಲವೆಂಬುದೇ ಸಮಾಧಾನ.

ಇಪ್ಪತ್ತು ವರ್ಷಗಳ ಅನಂತರ, 1990ರಲ್ಲಿ, 'ಮಾಯಾಮಿ ಹೆರಾಲ್ಡ್' ಪತ್ರಿಕೆಯ ಹಾಸ್ಯ ಅಂಕಣಕಾರ ಡೇವ್ ಬ್ಯಾರಿಯವರು ಆ ಘಟನೆಯ ದೂರದರ್ಶನ ದೃಶ್ಯವನ್ನು ನೋಡಿ ಒಂದು ಸೊಗಸಾದ ಲೇಖನವನ್ನು ಬರೆದರು. ಯಾರೋ ಆ ಲೇಖನದ ಒಂದು ಭಾಗವನ್ನು ಗಣಕಜಾಲಕ್ಕೆ ಏರಿಸಿದರು. ಲೇಖಕರ ಹೆಸರನ್ನು ಬಿಟ್ಟರು, ಘಟನೆ ನಡೆದ ವರ್ಷವನ್ನೂ ಬಿಟ್ಟರು. ಅದು ಒಬ್ಬರಿಂದೊಬ್ಬರಿಗೆ ಹಬ್ಬಿತು. 1990ರ ದಶಕದ ಮಧ್ಯಭಾಗದಲ್ಲಿ ಓರೆಗಾನ್ ರಾಜ್ಯದ ಸಾರಿಗೆ ಇಲಾಖೆಗೆ ದೂರವಾಣಿ ಕರೆಗಳು ಬರತೊಡಗಿದವು. 'ಮೊನ್ನೆ ತಿಮಿಂಗಿಲವನ್ನು ಸಿಡಿಸಿದಿರಂತೆ, ನಿಜವೇ?' ಎಂದು ಜನರು ವಿಚಾರಿಸುತ್ತಿದ್ದರು. ಕಾಲು ಶತಮಾನದ ಹಿಂದಿನ ಕಳೇಬರಕ್ಕೆ ಉತ್ತರ ಹೇಳಿ ಹೇಳಿ ಇಲಾಖೆಯವರು ದಣಿದರು. ಊರವರು ಮಾತ್ರ ಕೊನೆಗೆ ಅದರೊಡನೆ ರಾಜಿಯಾಗಿ, 2020ರಲ್ಲಿ ಅಲ್ಲಿಯ ಹೊಸ ಉದ್ಯಾನವೊಂದಕ್ಕೆ ಸಿಡಿದ ತಿಮಿಂಗಿಲದ ಹೆಸರನ್ನೇ ಇಟ್ಟರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಪ್ರಸಂಗದಲ್ಲಿ ಯಾರೂ ಸುಳ್ಳಾಡಲಿಲ್ಲ. ತಿಮಿಂಗಿಲವೂ ನಿಜ, ಡೈನಮೈಟೂ ನಿಜ, ಜಜ್ಜಿದ ಕಾರೂ ನಿಜ. ಬಿಟ್ಟುಹೋದುದು ಒಂದು ಹೆಸರು, ಒಂದು ತಿಥಿ. ಅಷ್ಟರಿಂದಲೇ ಹಳೆಯ ಸಂಗತಿಯು ಹೊಸದಾಗಿ ಹುಟ್ಟಿಬಂದಿತು.

ಇನ್ನೊಂದು ಚಿತ್ರವನ್ನು ನಮ್ಮ ವಾಚಕರಲ್ಲಿ ಬಹುತೇಕರು ನೋಡಿರುತ್ತಾರೆ. ದೀಪಾವಳಿ ಸಮೀಪಿಸಿದಾಗ ಅದು ತಪ್ಪದೆ ಬರುತ್ತದೆ. ಕಪ್ಪು ಆಕಾಶದ ಹಿನ್ನೆಲೆಯಲ್ಲಿ ಭಾರತದ ಭೂಪಟವು ಬಿಳಿ, ನೀಲಿ, ಹಸಿರು, ಕೆಂಪು ಬೆಳಕುಗಳಿಂದ ಜಗಜಗಿಸುತ್ತಿರುತ್ತದೆ. ದೀಪಾವಳಿಯ ರಾತ್ರಿ ನಾಸಾ ಸಂಸ್ಥೆಯು ಅಂತರಿಕ್ಷದಿಂದ ತೆಗೆದ ಚಿತ್ರವಿದೆಂದು ಕೆಳಗೆ ಬರೆದಿರುತ್ತದೆ. ನೋಡಿದವರ ಎದೆ ಹಿಗ್ಗುವುದು ಸಹಜ. ಆದರೆ ಆ ಚಿತ್ರವು ಒಂದು ರಾತ್ರಿಯದಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಹವಾಮಾನ ಉಪಗ್ರಹಗಳು ಹಲವು ವರ್ಷಗಳ ಕಾಲ ದಾಖಲಿಸಿದ ಮಾಹಿತಿಯನ್ನು ಒಂದರ ಮೇಲೊಂದು ಹೊಂದಿಸಿ, ಅಲ್ಲಿಯ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ವಿಜ್ಞಾನಿ ಕ್ರಿಸ್ ಎಲ್ವಿಜ್ ಅವರು 2003ರಲ್ಲಿ ಸಿದ್ಧಪಡಿಸಿದ ನಕ್ಷೆ ಅದು. ಮೊದಲಿನಿಂದಲೂ ಇದ್ದ ದೀಪಗಳಿಗೆ ಬಿಳಿಯ ಬಣ್ಣ. 1992ರಿಂದ 2003ರವರೆಗಿನ ಅವಧಿಯಲ್ಲಿ ಹೊಸದಾಗಿ ಕಾಣಿಸಿಕೊಂಡ ದೀಪಗಳಿಗೆ ಕ್ರಮವಾಗಿ ನೀಲಿ, ಹಸಿರು, ಕೆಂಪು ಬಣ್ಣ. ನಮ್ಮ ಊರುಗಳು ಬೆಳೆದ ಬಗೆಯನ್ನು ತೋರಿಸುವ ಚಿತ್ರವದು. 2012ರ ನವೆಂಬರ್ 12ರ ರಾತ್ರಿ ನಿಜವಾಗಿಯೂ ತೆಗೆದ ಉಪಗ್ರಹ ಚಿತ್ರವೊಂದನ್ನು ನಾಸಾ ಸಂಸ್ಥೆಯೇ ಪ್ರಕಟಿಸಿತು. ಅದು ಅಷ್ಟೇನೂ ವರ್ಣಮಯವಾಗಿಲ್ಲ. ಹಬ್ಬದ ದೀಪಗಳಿಂದ ಹೆಚ್ಚುವ ಬೆಳಕು ಅಂತರಿಕ್ಷದಿಂದ ಗುರುತಿಸಲಾಗದಷ್ಟು ಅಲ್ಪವೆಂದು ಅದರೊಡನೆ ವಿವರಣೆಯನ್ನೂ ಕೊಟ್ಟಿತು.

ನಮಗನಿಸುವಂತೆ, ನಿಜವಾದ ಅರ್ಥವೇ ಹೆಚ್ಚು ಸೋಜಿಗದ್ದು. ಹತ್ತು ಹನ್ನೊಂದು ವರ್ಷಗಳಲ್ಲಿ ಕತ್ತಲೆಯಲ್ಲಿದ್ದ ಎಷ್ಟೋ ಹಳ್ಳಿಗಳಿಗೆ ದೀಪ ಬಂದ ಕಥೆಯನ್ನು ಆ ಬಣ್ಣಗಳು ಹೇಳುತ್ತವೆ. ಕೆಂಪು ಚುಕ್ಕೆಗಳಲ್ಲಿ ಒಂದು ನಮ್ಮ ತಾಲ್ಲೂಕಿನದೂ ಇರಬಹುದು. ಚಿತ್ರದ ಕೆಳಗಿದ್ದ ವಿವರಣೆಯನ್ನು ಕತ್ತರಿಸಿದವರು ನಮಗೆ ಸುಳ್ಳನ್ನು ಕೊಟ್ಟುದಷ್ಟೇ ಅಲ್ಲ, ಆ ಕಥೆಯನ್ನೂ ನಮ್ಮಿಂದ ಕಸಿದುಕೊಂಡರು.

ಈ ಸಂದರ್ಭದಲ್ಲಿ ನಮ್ಮ ಶರಣರು ಪಾಲಿಸಿದ ಒಂದು ಪದ್ಧತಿಯನ್ನು ನೆನೆಯಬೇಕು. ವಚನಗಳಲ್ಲಿ ಅಂಕಿತವಿರುವುದು ಎಲ್ಲರೂ ಬಲ್ಲ ಸಂಗತಿ. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ, ಕಲಿದೇವರದೇವ ಎಂದರೆ ಮಡಿವಾಳ ಮಾಚಿದೇವರು. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವಾಗಿಟ್ಟುಕೊಂಡರು. ಅಂಕಿತವು ಇಷ್ಟದೈವದ ಸ್ಮರಣೆಯೂ ಹೌದು, ಆಡಿದ ಮಾತಿಗೆ ಆಡಿದವರ ಹೊಣೆಗಾರಿಕೆಯೂ ಹೌದು. ಸಾಮಾನ್ಯವಾಗಿ ವಚನದ ಕೊನೆಯಲ್ಲಿ ಬರುವ ಆ ಒಂದು ಪದವನ್ನು ತೆಗೆದುಹಾಕಿದರೆ, ಅದನ್ನು ಯಾರು ಯಾವ ಸ್ಥಿತಿಯಲ್ಲಿ ನಿಂತು ಆಡಿದರೆಂಬುದೇ ತಿಳಿಯದಾಗುತ್ತದೆ.

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ತಾಡವೋಲೆಯ ಕಟ್ಟನ್ನು ಕೈಗೆ ಕೊಟ್ಟ ಗುರುಗಳು, ಮೊದಲು ಕೊನೆಯ ಗರಿಯನ್ನು ಓದಿರಿ ಎಂದು ನಮಗೆ ಹೇಳುತ್ತಿದ್ದರು. ಗ್ರಂಥವನ್ನು ಯಾವ ಸಂವತ್ಸರದಲ್ಲಿ, ಯಾವ ಊರಿನಲ್ಲಿ, ಯಾರು, ಯಾರಿಗಾಗಿ ಪ್ರತಿಮಾಡಿದರೆಂಬುದನ್ನು ಲಿಪಿಕಾರರು ಅಲ್ಲಿ ಬರೆದಿಡುತ್ತಿದ್ದರು. ತಪ್ಪು ಕಂಡರೆ ತಿದ್ದಿಕೊಂಡು ಓದಬೇಕೆಂದು ಬಲ್ಲವರಲ್ಲಿ ಬಿನ್ನಹ ಮಾಡುವುದೂ ಉಂಟು. ಇಂದಿನ ಸಂದೇಶಗಳ ಕೊನೆಯಲ್ಲಿ ಏನಿರುತ್ತದೆಂದು ನೋಡಿರಿ. ಹನ್ನೊಂದು ಜನರಿಗೆ ಕಳುಹಿಸಿದರೆ ಶುಭ, ಕಳುಹಿಸದಿದ್ದರೆ ಕೇಡು! ಹಿಂದೆ ದೇವರ ಹೆಸರಿನಲ್ಲಿ ಇಂತಹವೇ ಅಂಚೆಕಾರ್ಡುಗಳು ಬರುತ್ತಿದ್ದುದನ್ನು ಹಿರಿಯರು ಬಲ್ಲರು. ಆಗ ಕಾರ್ಡಿಗೆ ದುಡ್ಡು ಕೊಡಬೇಕಿತ್ತು, ಕೈನೋಯುವಂತೆ ಬರೆಯಬೇಕಿತ್ತು. ಅರ್ಧದಷ್ಟು ಜನರು ಅಲ್ಲಿಗೇ ಬಿಡುತ್ತಿದ್ದರು. ಈಗ ಬೆರಳನ್ನು ಒತ್ತಿದರೆ ಸಾಕು.

ಫ.ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲಿ ಮಾಡುತ್ತ, ಮನೆಮನೆಗಳಲ್ಲಿ ಮಠಮಠಗಳಲ್ಲಿ ಹೊಗೆ ಹುಳುಗಳಿಗೆ ತುತ್ತಾಗುತ್ತಿದ್ದ ಓಲೆಗಳನ್ನು ಅರಸಿ ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅವರದು ಕೂಡ ಕೂಡಿಸುವ ಮತ್ತು ಹಂಚುವ ಕಾಯಕವೇ. ಆ ದಾರಿಯಲ್ಲಿ ನಡೆದ ವಿದ್ವಾಂಸರ ಶ್ರಮದ ಫಲವಾಗಿ, 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಒಂದೇ ವಚನವು ಎರಡು ಓಲೆಗಳಲ್ಲಿ ಎರಡು ಬಗೆಯಾಗಿ ಕಂಡಾಗ ಅವುಗಳನ್ನು ಹೋಲಿಸಿ ನೋಡುವುದು, ಪಾಠಾಂತರವನ್ನು ಗುರುತಿಸುವುದು, ಕರ್ತೃ ತಿಳಿಯದಿದ್ದರೆ ತಿಳಿಯದೆಂದೇ ಹೇಳುವುದು ಗ್ರಂಥಸಂಪಾದನೆಯ ಧರ್ಮ. ಹೆಸರು ದೊರೆಯದ ಮಾತಿಗೆ ದೊಡ್ಡವರ ಹೆಸರನ್ನು ಅಂಟಿಸುವುದು ಆ ಧರ್ಮಕ್ಕೆ ದ್ರೋಹ.

ಈಗ ನಮ್ಮ ಗುಂಪುಗಳಲ್ಲಿ ಆಗುತ್ತಿರುವುದು ಆ ದ್ರೋಹವೇ. ಬಸವಣ್ಣನವರ ಭಾವಚಿತ್ರದ ಕೆಳಗೆ ನಿನ್ನೆ ಮೊನ್ನೆ ಯಾರೋ ಬರೆದ ಚಾತುರ್ಯದ ಮಾತು. ಅಬ್ದುಲ್ ಕಲಾಂ ಅವರ ಚಿತ್ರದ ಕೆಳಗೆ ಅವರೆಂದೂ ಆಡದ ಉಪದೇಶ. ಮಾತು ಒಳ್ಳೆಯದೇ ಅಲ್ಲವೇ, ಯಾರು ಹೇಳಿದರೇನು ಎಂದು ಕೆಲವರು ಕೇಳುವುದುಂಟು. ಮಾತು ಒಳ್ಳೆಯದಾಗಿದ್ದರೆ ಅದು ತನ್ನ ಕಾಲಮೇಲೆ ತಾನೇ ನಿಲ್ಲಬಲ್ಲದು. ಬಸವಣ್ಣನವರ ಹೆಗಲನ್ನು ಏರಬೇಕಾಗಿಲ್ಲ. ವಚನವೆಂದು ಬಂದುದು ನಿಜವಾಗಿಯೂ ವಚನವೇ ಎಂದು ನೋಡುವುದು ಇಂದು ಕಷ್ಟವೂ ಅಲ್ಲ. ಸಂಪುಟಗಳು ಗ್ರಂಥಾಲಯಗಳಲ್ಲಿವೆ. 'ವಚನ ಸಂಚಯ'ವೆಂಬ ಅಂತರ್ಜಾಲ ತಾಣದಲ್ಲಿ ಒಂದು ಪದವನ್ನು ಕೊಟ್ಟು ಹುಡುಕುವ ಅನುಕೂಲವಿದೆ. ಮನೆಯಲ್ಲಿರುವ ಶಾಲೆಯ ಮಕ್ಕಳು ಎರಡು ನಿಮಿಷದಲ್ಲಿ ಹುಡುಕಿ ಕೊಡುತ್ತಾರೆ.

ಇಲ್ಲಿಯವರೆಗೆ ಹೇಳಿದುದು ನಗೆಯ ಮಾತು, ಹೆಚ್ಚೆಂದರೆ ಅಚಾತುರ್ಯದ ಮಾತು. ಇನ್ನು ಹೇಳಬೇಕಾದುದು ಹಾಗಿಲ್ಲ.

ಪಾಕಿಸ್ತಾನದ ಕರಾಚಿ ನಗರದಲ್ಲಿ ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶನಿ ಹೆಲ್ಪ್‌ಲೈನ್ ಎಂಬ ಸೇವಾಸಂಸ್ಥೆಯೊಂದು ತಂದೆತಾಯಿಗಳನ್ನು ಎಚ್ಚರಿಸಲೆಂದು ಒಂದು ಕಿರುಚಿತ್ರವನ್ನು ಮಾಡಿಸಿತು. ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ಮೋಟಾರು ಸೈಕಲಿನಲ್ಲಿ ಬಂದ ಇಬ್ಬರು ಒಬ್ಬ ಬಾಲಕನನ್ನು ಎತ್ತಿಕೊಂಡು ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಅವರೇ ತಿರುಗಿ ಬಂದು ಬಾಲಕನನ್ನು ಇಳಿಸಿ, ಮಕ್ಕಳ ಮೇಲೆ ನಿಗಾ ಇಡಬೇಕೆಂಬ ಅರ್ಥದ ಫಲಕವನ್ನು ಎತ್ತಿ ತೋರಿಸುತ್ತಾರೆ. ಅದು ಅಭಿನಯವೆಂಬುದು ಆ ಕೊನೆಯ ಭಾಗದಿಂದ ತಿಳಿಯುತ್ತದೆ. 2018ರಲ್ಲಿ ನಮ್ಮ ದೇಶದ ಫೋನುಗಳಲ್ಲಿ ಹರಿದಾಡಿದ ಪ್ರತಿಯಲ್ಲಿ ಆ ಕೊನೆಯ ಭಾಗವಿರಲಿಲ್ಲ. ಯಾರೋ ಅದನ್ನು ಕತ್ತರಿಸಿದ್ದರು. ಉಳಿದುದು ಹಗಲುಹೊತ್ತಿನಲ್ಲಿ ಮಗುವನ್ನು ಕದ್ದೊಯ್ಯುವ ದೃಶ್ಯ ಮಾತ್ರ. ಅದರೊಡನೆ, ಮಕ್ಕಳ ಕಳ್ಳರು ನಮ್ಮ ಜಿಲ್ಲೆಗೆ ಬಂದಿದ್ದಾರೆ, ಎಲ್ಲರಿಗೂ ತಿಳಿಸಿರಿ ಎಂಬ ಒಕ್ಕಣೆ ಊರೂರಿನ ಭಾಷೆಯಲ್ಲಿ ಸೇರಿಕೊಂಡಿತು.

ಭಯವು ಹಬ್ಬಿತು. ಆ ವರ್ಷ ದೇಶದ ಹಲವೆಡೆ ಅಪರಿಚಿತರನ್ನು ಹಿಡಿದು ಬಡಿದು ಕೊಂದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ ಹೀಗೆ ಸತ್ತನು. ಜುಲೈ 13ರಂದು ನಮ್ಮ ಬೀದರ ಜಿಲ್ಲೆಯಲ್ಲಿ ನಡೆದುದನ್ನು ನೆನೆದರೆ ಇಂದಿಗೂ ಮನಸ್ಸು ಮರಗಟ್ಟುತ್ತದೆ. ಹೈದರಾಬಾದಿನಿಂದ ವಿಹಾರಕ್ಕೆ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು ಅಕ್ಕರೆಯಿಂದ ಚಾಕೊಲೇಟ್ ಕೊಟ್ಟರು. ಕತಾರದಿಂದ ಬಂದಿದ್ದ ಒಬ್ಬ ಗೆಳೆಯನು ತಂದಿದ್ದ ಚಾಕೊಲೇಟುಗಳವು. ನೋಡಿದವರಿಗೆ ಸಂಶಯ ಬಂದಿತು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪ್ ಗುಂಪುಗಳಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ದಾರಿಯನ್ನು ಅಡ್ಡಗಟ್ಟಿದರು, ಕಾರು ಉರುಳಿತು. ಬಿಡಿಸಲು ಬಂದ ಪೊಲೀಸರೂ ಗಾಯಗೊಂಡರು. 32 ವರ್ಷದ ಸಾಫ್ಟ್‌ವೇರ್ ಇಂಜಿನಿಯರನೊಬ್ಬನು ಪ್ರಾಣ ಕಳೆದುಕೊಂಡನು. ಬಂಧಿತರಾದವರಲ್ಲಿ ಒಂದು ವಾಟ್ಸಾಪ್ ಗುಂಪಿನ ನಿರ್ವಾಹಕನೂ ಇದ್ದನು.

ಬೀದರವೆಂದರೆ ಬಸವಕಲ್ಯಾಣದ ಜಿಲ್ಲೆ. ದೂರದ ಕಾಶ್ಮೀರದಿಂದ ಬಂದವರೆಂದು ಪ್ರತೀತಿಯಿರುವ ಮೋಳಿಗೆಯ ಮಾರಯ್ಯನವರು ಕಟ್ಟಿಗೆ ಮಾರಿ ಬದುಕಿ ಶರಣರೆನಿಸಿದ ನೆಲ. ಬಂದವರ ಕುಲ, ಊರು ಕೇಳದೆ ಪ್ರಸಾದಕ್ಕೆ ಎಲೆ ಹಾಕಿದ ಮಹಾಮನೆಯು ಅಲ್ಲಿತ್ತು. ಆ ನೆಲದಲ್ಲಿ, ಮಕ್ಕಳಿಗೆ ಸಿಹಿ ಕೊಟ್ಟ ತಪ್ಪಿಗೆ ಒಬ್ಬ ಅತಿಥಿಯು ಸತ್ತನು. ಸಂದೇಶವನ್ನು ಮುಂದೆ ಕಳುಹಿಸಿದವರಲ್ಲಿ ಹೆಚ್ಚಿನವರು ಕೊಲೆಗಡುಕರಾಗಿರಲಿಲ್ಲ. ತಮ್ಮ ಮಕ್ಕಳನ್ನು, ನೆರೆಯವರ ಮಕ್ಕಳನ್ನು ಕಾಯಬೇಕೆಂಬ ಕಳಕಳಿಯೇ ಅವರಲ್ಲಿ ಇದ್ದಿರಬೇಕು. ಹೇಳಿದವರು ಯಾರು, ಕಂಡವರು ಯಾರು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಅವರು ಕೇಳಲಿಲ್ಲ. ತಿಮಿಂಗಿಲದ ಕಥೆಯನ್ನು ಹೆಸರು ತೆಗೆದು ಹಂಚಿದವರು ಮಾಡಿದ್ದೂ ಇದನ್ನೇ. ಕೆಲಸವು ಒಂದೇ, ಅಲ್ಲಿ ಕೆಲವು ದೂರವಾಣಿ ಕರೆಗಳಲ್ಲಿ ಮುಗಿಯಿತು, ಇಲ್ಲಿ ಒಂದು ಮನೆಯ ದೀಪವು ಆರಿತು.

ಆ ಘಟನೆಗಳ ತರುವಾಯ ವಾಟ್ಸಾಪ್ ಕಂಪನಿಯು 2018ರಲ್ಲಿಯೇ ಭಾರತದಲ್ಲಿ ಒಂದು ಸಂದೇಶವನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಸಾಗಿಸದಂತೆ ಮಿತಿ ಹಾಕಿತು. ಬೇರೆಡೆಯಿಂದ ಬಂದ ಸಂದೇಶಕ್ಕೆ ಬಾಣದ ಗುರುತನ್ನು ಕೊಟ್ಟಿತು. ಅನೇಕ ಕೈಗಳನ್ನು ದಾಟಿ ಬಂದುದಕ್ಕೆ ಎರಡು ಬಾಣಗಳ ಗುರುತು. 2020ರಲ್ಲಿ ಅಂತಹವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸುವಂತೆ ಮತ್ತಷ್ಟು ಬಿಗಿ ಮಾಡಿತು. ಆದರೆ ಬಾಣದ ಗುರುತು ಅಂಕಿತವಾಗಲಾರದು. ಮಾತು ಹಲವು ಕೈ ದಾಟಿದೆಯೆಂದು ಅದು ಹೇಳಬಲ್ಲದೇ ಹೊರತು ಮೊದಲ ಕೈ ಯಾರದೆಂದು ಹೇಳಲಾರದು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಲ್ಲದ ಮನುಷ್ಯನ ಮುಖವನ್ನೂ, ಇದ್ದ ಮನುಷ್ಯನ ಆಡದ ಮಾತನ್ನೂ ಸೃಷ್ಟಿಸುತ್ತಿರುವ ಈ ದಿನಗಳಲ್ಲಿ ಕಣ್ಣು ಕಿವಿಗಳ ಸಾಕ್ಷ್ಯವೂ ಸಾಲದು. ವಿಚಾರಿಸುವ ಹೊಣೆಯು ಮನೆಯವರ ಮೇಲೆಯೇ ಉಳಿಯುತ್ತದೆ.

ಹಾಗಾದರೆ ನಾವು ಏನನ್ನೂ ಹಂಚಲೇಬಾರದೇ ಎಂದು ವಾಚಕರು ಕೇಳಬಹುದು. ಅದಕ್ಕೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಉತ್ತರ ಕೊಟ್ಟಿದ್ದಾರೆ. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರ ಕಾಯಕವು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಲ್ಲಿಯೇ ಅವರ ದಾಸೋಹ ನಡೆಯುತ್ತಿತ್ತು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ನೋಡಿದೊಡನೆ, ಈ ಹೆಚ್ಚಿನದು ಎಲ್ಲಿಯದು, ನಮಗೇಕೆ ಎಂದು ಪ್ರಶ್ನಿಸಿದರು. ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಮರುಮಾತಾಡದೆ ಹಾಗೆಯೇ ಮಾಡಿದರು.

ಬೀದಿಯಲ್ಲಿ ಬಿದ್ದುದನ್ನು ಆಯುವುದು ಕೀಳಲ್ಲವೆಂದು ಈ ಕಥೆಯು ಹೇಳುತ್ತದೆ. ಅಂತರ್ಜಾಲದಲ್ಲಿ ಚೆಲ್ಲಿರುವ ಸೋಜಿಗಗಳನ್ನು ಆಯುವುದೂ ಹಾಗೆಯೇ. ಆದರೆ ಆಯ್ದ ಅಕ್ಕಿಯನ್ನು ಯಾವ ಗೃಹಿಣಿಯೂ ನೇರವಾಗಿ ಒಲೆಯ ಮೇಲಿಡುವುದಿಲ್ಲ. ಮೊರದಲ್ಲಿ ಹಾಕಿ ಕೇರಿ, ಕಲ್ಲು ಆರಿಸಿ, ತೊಳೆದು ಇಡುತ್ತಾಳೆ. ಜಂಗಮಕ್ಕೆ ನೀಡುವ ತುತ್ತಿನಲ್ಲಿ ಕಲ್ಲು ಬಂದರೆ ಅವಳಿಗೆ ಅದು ತಲೆತಗ್ಗಿಸುವ ಸಂಗತಿ. ಗುಂಪಿನಲ್ಲಿರುವ ನಮ್ಮ ಬಂಧುಗಳ ಮನಸ್ಸಿಗೆ ನೀಡುವ ತುತ್ತಿಗೂ ಆ ಎಚ್ಚರ ಬೇಡವೇ? ದೃಶ್ಯವನ್ನು ಕೊನೆಯವರೆಗೆ ನೋಡುವುದು, ಎಲ್ಲಿಯದು ಯಾವಾಗಿನದು ಎಂದು ಕಳುಹಿಸಿದವರನ್ನು ಕೇಳುವುದು, ಗೊತ್ತಾಗದಿದ್ದರೆ ಅದನ್ನು ನಮ್ಮಲ್ಲಿಯೇ ನಿಲ್ಲಿಸುವುದು, ಇಷ್ಟೇ ಆ ಮೊರದ ಕೆಲಸ. ಒಂದು ಜಾತಿಯವರ, ಒಂದು ಮತದವರ, ಒಂದು ಊರಿನವರ ಮೇಲೆ ಸಿಟ್ಟು ಬರಿಸುವ ಸಂದೇಶವಿದ್ದರೆ ಎರಡು ಸಲ ಕೇರಬೇಕು. ಔಷಧವನ್ನು ಬಿಟ್ಟುಬಿಡಿರೆಂದು ಹೇಳುವ ಮದ್ದಿನ ಸಂದೇಶವನ್ನು ವೈದ್ಯರಿಗೆ ತೋರಿಸದೆ ಯಾರಿಗೂ ಕಳುಹಿಸಬಾರದು. ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಎಷ್ಟು ಮಂದಿಯಿದ್ದಾರೆಂಬುದು ಎಲ್ಲರಿಗೂ ತಿಳಿದಿದೆ.

ಕೊನೆಯದಾಗಿ ನಮ್ಮ ಓರಗೆಯ ಹಿರಿಯರಿಗೆ ಒಂದು ವಿಶೇಷ ಮಾತು. ಗುಂಪಿನಲ್ಲಿ ಮಾವನವರು ಒಂದು ಸುಳ್ಳು ಸುದ್ದಿಯನ್ನು ಹಾಕುತ್ತಾರೆ. ಅದು ಸುಳ್ಳೆಂದು ಓದಿದ ಸೊಸೆಗೆ ಗೊತ್ತು, ಕಾಲೇಜಿಗೆ ಹೋಗುವ ಮೊಮ್ಮಗನಿಗೂ ಗೊತ್ತು. ಹಿರಿಯರಿಗೆ ಎದುರಾಡಬಾರದೆಂದು ಅವರು ಸುಮ್ಮನಿರುತ್ತಾರೆ. ಕೆಲವರು ಕೈಮುಗಿದ ಚಿತ್ರವನ್ನೂ ಹಾಕುತ್ತಾರೆ. ಆ ಮರ್ಯಾದೆಯ ಮೌನದಲ್ಲಿ ಸುಳ್ಳು ಮುಂದಿನ ಮನೆಗೆ ಹೋಗುತ್ತದೆ. ಇದನ್ನು ನಿಲ್ಲಿಸುವುದು ಹಿರಿಯರ ಕೈಯಲ್ಲಿದೆ. 'ಇದು ನಿಜವೋ ಸುಳ್ಳೋ, ನೋಡಿ ಹೇಳವ್ವಾ' ಎಂದು ಸೊಸೆಯನ್ನು ನಾವೇ ಕೇಳಿದರೆ ನಮ್ಮ ಘನತೆಗೆ ಕುಂದಾಗದು. ಲಿಪಿಕಾರರು ತಿದ್ದಿ ಓದಿರೆಂದು ಬರೆದರು. ಅದರಿಂದ ಅವರು ಸಣ್ಣವರಾಗಲಿಲ್ಲ. ಲಕ್ಕಮ್ಮನವರು ತಿದ್ದಿದರು, ಮಾರಯ್ಯನವರು ತಿದ್ದಿಕೊಂಡರು. ಇಬ್ಬರೂ ಶರಣರೆಂದೇ ಪೂಜಿತರಾದರು. ಕಿರಿಯರು ಕೂಡ ಹತ್ತು ಜನರ ಎದುರಿಗೆ ನಗೆಪಾಟಲು ಮಾಡದೆ, ಪ್ರತ್ಯೇಕವಾಗಿ ಫೋನ್ ಮಾಡಿ ವಿನಯದಿಂದ ತಿಳಿಸಿದರೆ ಮನೆಯ ಸೌಹಾರ್ದ ಕೆಡುವುದಿಲ್ಲ. ತಿದ್ದಿದ ಸುದ್ದಿಯನ್ನು ಮೊದಲು ಕಳುಹಿಸಿದವರೇ ಗುಂಪಿಗೆ ಹಾಕುವುದು ಉತ್ತಮ ಪದ್ಧತಿ.

ನಗುವುದಕ್ಕೂ ಬೆರಗಾಗುವುದಕ್ಕೂ ಲೋಕದಲ್ಲಿ ನಿಜವಾದ ಸಂಗತಿಗಳೇ ಬೇಕಾದಷ್ಟಿವೆ. ಕಾಫಿಯ ಪಾತ್ರೆಯನ್ನು ಲೋಕವೆಲ್ಲ ಕಾವಲು ಕಾದುದು ಕಟ್ಟುಕಥೆಯಲ್ಲ. ಮುಂದಿನ ತಿಂಗಳುಗಳಲ್ಲಿ ವಾಚಕರು ತಮಗೆ ದೊರೆತ ಇಂತಹ ಸೋಜಿಗಗಳನ್ನು ನಮಗೆ ಬರೆದು ಕಳುಹಿಸಬೇಕು; ಒಳ್ಳೆಯವನ್ನು ಆರಿಸಿ ಇದೇ ಅಂಕಣದಲ್ಲಿ ಕೊಡುತ್ತೇವೆ. ಒಂದೇ ನಿಯಮ: ಅದು ಎಲ್ಲಿ, ಯಾವಾಗ, ಯಾರಿಂದ ದೊರೆಯಿತೆಂಬ ಒಂದು ಸಾಲನ್ನು ಕೊನೆಯಲ್ಲಿ ಬರೆದಿರಬೇಕು. ಕಳುಹಿಸುವವರ ಹೆಸರೂ ಊರೂ ಅದರ ಕೆಳಗಿರಲಿ.